ಕಿನೋವಾ ಕಾಳಿನ ಬಿಳಿ ಬಾಲ

ಬೆಂದ ಕಿನೋವಾವನ್ನು ಒಂದು ಚಮಚ ತಟ್ಟೆಗೆ ಹಾಕಿಕೊಂಡು ಹತ್ತಿರದಿಂದ ನೋಡಿ. ಪ್ರತಿ ಕಾಳಿನ ಸುತ್ತ ಬಿಳಿ ದಾರದಂಥದ್ದೊಂದು ಸುತ್ತಿಕೊಂಡಿರುತ್ತದೆ. ಕೆಲವದರಲ್ಲಿ ಅದು ಬಿಚ್ಚಿಕೊಂಡು ಬಾಲದ ಹಾಗೆ ಹೊರಗೆ ಇಣುಕುತ್ತಿರುತ್ತದೆ. ಮೊದಲ ಸಲ ಬೇಯಿಸಿದಾಗ ನಾನು ಅದನ್ನು ಹುಳುವೆಂದೇ ತಿಳಿದು, ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಪಾಸಣೆ ಮಾಡಿದ್ದೆ. ಅದು ಹುಳುವಲ್ಲ, ಭ್ರೂಣ. ಬಿತ್ತಿದ್ದರೆ ಗಿಡವಾಗಬೇಕಿದ್ದ ಮೊಳಕೆ. ಕಿನೋವಾಕ್ಕೆ ಸಿಗುವ ಹೊಗಳಿಕೆಯಲ್ಲಿ ದೊಡ್ಡ ಪಾಲು ಈ ಬಾಲಕ್ಕೇ ಸಲ್ಲಬೇಕು.

ಗೋಧಿಕಾಳಿನ ತೂಕದಲ್ಲಿ ಮೊಳಕೆಯ ಪಾಲು ನೂರಕ್ಕೆ ಮೂರರಷ್ಟು ಮಾತ್ರ. ಮೈದಾ ಮಾಡುವಾಗ ಅದೂ ತವುಡಿನ ಜೊತೆ ಹೊರಟುಹೋಗುತ್ತದೆ, ಉಳಿಯುವುದು ಬಹುತೇಕ ಪಿಷ್ಟ. ಕಿನೋವಾದಲ್ಲಿ ಲೆಕ್ಕವೇ ಬೇರೆ. ಕಾಳಿನ ಸುಮಾರು ಕಾಲುಭಾಗ ಮೊಳಕೆಯೇ. ಪಿಷ್ಟ ನಡುವೆ ಕುಳಿತಿದ್ದರೆ ಮೊಳಕೆ ಅದರ ಸುತ್ತ ಬಳೆ ತೊಟ್ಟಂತೆ ಇರುತ್ತದೆ. ಪ್ರೋಟೀನು, ಕೊಬ್ಬು, ಖನಿಜಗಳು ಹೆಚ್ಚಾಗಿ ಅಡಗಿರುವುದು ಆ ಬಳೆಯಲ್ಲಿ. ನಾವು ಇದನ್ನು ಧಾನ್ಯವೆಂದು ಕರೆದರೂ ಭತ್ತ, ಗೋಧಿಯಂತೆ ಇದು ಹುಲ್ಲಿನ ಕುಲದ್ದಲ್ಲ; ಪಾಲಕ್, ಬೀಟ್‌ರೂಟ್, ದಂಟಿನ ನೆಂಟ. ಇದರ ಎಳೆಯ ಎಲೆಗಳನ್ನು ಸೊಪ್ಪಿನಂತೆಯೇ ಬೇಯಿಸಿ ತಿನ್ನಬಹುದು. ಹುಲ್ಲಿನ ಕುಲದಿಂದ ಇಷ್ಟು ದೂರವಿರುವ ಕಾಳಿನಲ್ಲಿ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಇರುವ ಪ್ರಶ್ನೆಯೇ ಇಲ್ಲ. ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗಿಗಳಿಗೆ ಇದು ನೆಮ್ಮದಿಯ ಊಟವಾಗುವುದು ಹಾಗಾಗಿ.

ಇದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಸೀಮೆ. ಪೆರು ಮತ್ತು ಬೊಲಿವಿಯಾ ಹಂಚಿಕೊಂಡಿರುವ ಟಿಟಿಕಾಕಾ ಸರೋವರದ ಸುತ್ತಮುತ್ತ, ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿ, ಸಾವಿರಾರು ವರ್ಷಗಳಿಂದ ಜನ ಇದನ್ನು ಬೆಳೆದಿದ್ದಾರೆ. ಹೆಸರು ಅವರ ಕೆಚುವಾ ಭಾಷೆಯದು, ಉಚ್ಚಾರ ‘ಕಿನ್ವಾ’ಕ್ಕೆ ಹತ್ತಿರ. (ಪೊಟ್ಟಣದ ಮೇಲಿನ ಸ್ಪ್ಯಾನಿಷ್ ಕಾಗುಣಿತ ಓದಿ ‘ಕ್ವಿನೋವಾ’ ಎಂದವರನ್ನು ತಿದ್ದುವ ಹಟ ನನಗಿಲ್ಲ.) ರಾತ್ರಿ ಹಿಮ, ಹಗಲು ಸುಡುವ ಬಿಸಿಲು, ಅಪರೂಪದ ಮಳೆ, ಇವೆಲ್ಲ ಈ ಗಿಡಕ್ಕೆ ಮಾಮೂಲು. ಬೊಲಿವಿಯಾದ ಊಯುನಿ ಉಪ್ಪುಬಯಲಿನ ಅಂಚಿನಲ್ಲೂ ಇದು ಬೆಳೆಯುತ್ತದೆ. ಬಾಹ್ಯಾಕಾಶದ ದೀರ್ಘಯಾನಗಳಲ್ಲಿ ಬೆಳೆಯಬಹುದಾದ ಬೆಳೆಯೆಂದು ನಾಸಾದ ವಿಜ್ಞಾನಿಗಳು 1993ರಲ್ಲೇ ಇದರ ಬಗ್ಗೆ ವರದಿ ಬರೆದರು. 2013ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಕಿನೋವಾ ವರ್ಷವೆಂದು ಆಚರಿಸಿತು. ‘ಸೂಪರ್‌ಫುಡ್’ ಎಂಬ ಪಟ್ಟವೂ ಅದೇ ಕಾಲದಲ್ಲಿ ಗಟ್ಟಿಯಾಯಿತು.

ನನಗೆ ಆ ಪಟ್ಟದ ಮೇಲೆ ಅಷ್ಟು ಪ್ರೀತಿಯಿಲ್ಲ. ತೂಕ ಇಳಿಸಲು ಅನ್ನ ಬಿಟ್ಟು ಕಿನೋವಾ ಹಿಡಿದವರು ಮೊದಲು ಒಂದು ಲೆಕ್ಕ ನೋಡಬೇಕು. ಬೇಯಿಸಿದ 100 ಗ್ರಾಂ ಕಿನೋವಾದಲ್ಲಿ ಸುಮಾರು 120 ಕ್ಯಾಲೊರಿ, ಅಷ್ಟೇ ಬಿಳಿ ಅನ್ನದಲ್ಲಿ ಸುಮಾರು 130. ವ್ಯತ್ಯಾಸ ಒಂದು ತುತ್ತಿನಷ್ಟೂ ಇಲ್ಲ. ವ್ಯತ್ಯಾಸವಿರುವುದು ಆ ಕ್ಯಾಲೊರಿಯ ಜೊತೆ ಬರುವ ಸಾಮಾನಿನಲ್ಲಿ. ಪ್ರೋಟೀನು ಅನ್ನದಲ್ಲಿ 2.7 ಗ್ರಾಂ ಇದ್ದರೆ ಇಲ್ಲಿ 4.4 ಗ್ರಾಂ. ನಾರು ಅಲ್ಲಿ ಅರ್ಧ ಗ್ರಾಮಿಗೂ ಕಡಿಮೆ, ಇಲ್ಲಿ 2.8 ಗ್ರಾಂ. ಸ್ನಾಯು, ನರಗಳಿಗೆ ಬೇಕಾದ ಮೆಗ್ನೀಸಿಯಂ ಅನ್ನದಲ್ಲಿ ಇರುವುದರ ಐದು ಪಟ್ಟು. ನಾರು ಇರುವುದರಿಂದ ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ನಿಲ್ಲುತ್ತದೆ. ಇದರ ಗ್ಲೈಸೀಮಿಕ್ ಸೂಚ್ಯಂಕ ಸುಮಾರು 53, ಅಂದರೆ ರಕ್ತಕ್ಕೆ ಸಕ್ಕರೆ ನಿಧಾನವಾಗಿ ಇಳಿಯುತ್ತದೆ. ಹಾಗೆಂದು ಮಧುಮೇಹ ಇರುವವರು ಬಟ್ಟಲುಗಟ್ಟಲೆ ತಿಂದರೆ, ನಿಧಾನವಾಗಿ ಬಂದ ಸಕ್ಕರೆಯೂ ಸಕ್ಕರೆಯೇ.

‘ಒಂಬತ್ತೂ ಅಗತ್ಯ ಅಮೈನೋ ಆಮ್ಲಗಳಿರುವ ಏಕೈಕ ಧಾನ್ಯ’ ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತದೆ. (ಪ್ರೋಟೀನು ಕಟ್ಟುವ ಇಟ್ಟಿಗೆಗಳಲ್ಲಿ ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದ ಒಂಬತ್ತು ಇವು.) ಅದು ಅರ್ಧಸತ್ಯ. ಆ ಒಂಬತ್ತೂ ಗೋಧಿಯಲ್ಲೂ ಇವೆ, ಅಕ್ಕಿಯಲ್ಲೂ ಇವೆ. ಪ್ರಶ್ನೆ ಪ್ರಮಾಣದ್ದು. ಧಾನ್ಯಗಳಲ್ಲಿ ಸಾಮಾನ್ಯವಾಗಿ ಕೊರತೆಯಾಗುವುದು ಲೈಸಿನ್. ಗೋಧಿಯ ಪ್ರೋಟೀನಿಗೆ ಹೋಲಿಸಿದರೆ ಕಿನೋವಾದ ಪ್ರೋಟೀನಿನಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿ. ಪ್ರೋಟೀನಿನ ಗುಣಮಟ್ಟ ಚೆನ್ನಾಗಿರುವುದು ನಿಜ, ಆದರೆ ಮೊತ್ತದಲ್ಲಿ ಬೇಯಿಸಿದ ಕಡಲೆ ಇದರ ಎರಡು ಪಟ್ಟು ಕೊಡುತ್ತದೆ. ಕಬ್ಬಿಣವೂ ಇದೆ, 100 ಗ್ರಾಮಿಗೆ 1.5 ಮಿಲಿಗ್ರಾಂ. ಅದನ್ನು ಕಾಳಿನಲ್ಲೇ ಇರುವ ಫೈಟಿಕ್ ಆಮ್ಲ ಹಿಡಿದಿಟ್ಟುಕೊಳ್ಳುವುದರಿಂದ ಮೈಗೆ ಪೂರ್ತಿ ದಕ್ಕುವುದಿಲ್ಲ. ಮೇಲೆ ನಿಂಬೆರಸ ಹಿಂಡಿಕೊಂಡರೆ ಅದರ ಸಿ ಜೀವಸತ್ವ ಕಬ್ಬಿಣವನ್ನು ಬಿಡಿಸಿಕೊಡುತ್ತದೆ.

ಇನ್ನು ಕಹಿಯ ವಿಚಾರ. ಕಾಳಿನ ಹೊರಪದರದಲ್ಲಿ ಸಪೋನಿನ್ ಎಂಬ ವಸ್ತುಗಳಿವೆ. ನೀರಿನಲ್ಲಿ ಕಿವುಚಿದರೆ ಸಾಬೂನಿನಂತೆ ನೊರೆ ಬರುತ್ತದೆ, ನಾಲಗೆಗೆ ಕಹಿ. ಹೊಲದಲ್ಲಿ ಹಕ್ಕಿಗಳನ್ನು ದೂರ ಇಡಲು ಗಿಡ ಮಾಡಿಕೊಂಡ ಏರ್ಪಾಡು ಅದು. ಆಂಡಿಸ್‌ನ ಹೆಂಗಸರು ಕಾಳನ್ನು ಹುರಿದು, ಕಲ್ಲಿನ ಗುಳಿಯಲ್ಲಿ ಹಾಕಿ ಕಾಲಿನಿಂದ ತುಳಿದು, ತೂರಿ, ಮತ್ತೆ ಮತ್ತೆ ತೊಳೆದು ಈ ಕಹಿ ತೆಗೆಯುತ್ತಿದ್ದರು. 2017ರಲ್ಲಿ ಕಿನೋವಾದ ಜೀನೋಮ್, ಅಂದರೆ ಇಡೀ ವಂಶವಾಹಿ ಬರಹ, ಓದಿದ ವಿಜ್ಞಾನಿಗಳಿಗೆ ಸಪೋನಿನ್ ತಯಾರಿಕೆಯನ್ನು ನಿಯಂತ್ರಿಸುವ ಜೀನ್‌ನ ಸುಳಿವೂ ಸಿಕ್ಕಿತು. ಕಹಿಯಿಲ್ಲದ ತಳಿಗಳು ಮೊದಲಿಂದಲೂ ಇವೆ, ಆದರೆ ಅವು ಬಲಿತಾಗ ಹಕ್ಕಿಗಳಿಗೂ ಹಬ್ಬ.

ಪೊಟ್ಟಣದಲ್ಲಿ ಬರುವ ಕಾಳನ್ನು ಸಾಮಾನ್ಯವಾಗಿ ತೊಳೆದೇ ಮಾರುತ್ತಾರೆ. ನಾನಂತೂ ನಂಬುವುದಿಲ್ಲ. ಸಣ್ಣ ಕಣ್ಣಿನ ಜಾಲರಿಯಲ್ಲಿ ಹಾಕಿ, ಹರಿಯುವ ನೀರಿನಡಿ ಬೆರಳಿನಿಂದ ಉಜ್ಜಿ, ನೊರೆ ನಿಲ್ಲುವವರೆಗೆ ತೊಳೆಯಿರಿ. ದೊಡ್ಡ ಕಣ್ಣಿನ ಜಾಲರಿಯಾದರೆ ಅರ್ಧ ಕಿನೋವಾ ಸಿಂಕಿನ ಪಾಲು. ನೀರು ಬಸಿದು ಬಾಣಲೆಯಲ್ಲಿ ನಾಲ್ಕು ನಿಮಿಷ ಹುರಿದರೆ ಹಸಿ ಮಣ್ಣಿನಂಥ ವಾಸನೆ ಹೋಗಿ ಕಡಲೆಬೀಜದ ಘಮ ಬರುತ್ತದೆ. ಈ ಹಂತ ಬಿಟ್ಟು ‘ಸಪ್ಪೆ’ ಎಂದು ದೂರುವವರೇ ಹೆಚ್ಚು.

ಒಂದು ಕಪ್ ಕಾಳಿಗೆ ಎರಡು ಕಪ್ ನೀರು ಎಂದು ಪೊಟ್ಟಣಗಳು ಹೇಳುತ್ತವೆ. ತೊಳೆದ ಕಾಳಿನಲ್ಲಿ ಆಗಲೇ ನೀರಿರುವುದರಿಂದ ಒಂದೂ ಮುಕ್ಕಾಲು ಕಪ್ ಸಾಕು. ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ ಹದಿನೈದು ನಿಮಿಷ ಬಿಡಿ. ನಡುವೆ ಸೌಟು ಆಡಿಸಬೇಡಿ, ಕಾಳು ಒಡೆದು ಅಂಟಾಗುತ್ತದೆ. ಬಾಲಗಳು ಬಿಚ್ಚಿಕೊಂಡು ನೀರು ಇಂಗಿದರೆ ಬೆಂದ ಹಾಗೆ. ಒಲೆ ಆರಿಸಿ ಐದು ನಿಮಿಷ ಮುಚ್ಚಿಟ್ಟು ಆಮೇಲೆ ಫೋರ್ಕಿನಿಂದ ಬಿಡಿಸಿ. ಕೆಂಪು ಮತ್ತು ಕಪ್ಪು ಕಾಳುಗಳಿಗೆ ಇನ್ನೂ ಕೆಲವು ನಿಮಿಷ ಬೇಕು. ಬೆಂದ ಮೇಲೂ ಅವು ಹಲ್ಲಿಗೆ ಸಿಗುವುದರಿಂದ ಸಲಾಡಿಗೆ ಅವೇ ಮೇಲು. ಬಿಳಿಯದು ಸೂಪಿಗೆ ಸರಿ, ತರಕಾರಿಯ ಜೊತೆ ಕುದಿಯುತ್ತಾ ತಾನೇ ಗಟ್ಟಿತನ ಕೊಡುತ್ತದೆ.

ನೀರು ಹೆಚ್ಚಾಗಿ ಮುದ್ದೆಯಾದರೆ ಚೆಲ್ಲಬೇಡಿ. ಉದುರುದುರಾಗಿಯೇ ಬರಬೇಕೆಂಬುದು ನಗರದ ಸಲಾಡ್ ಪ್ರಿಯರ ಹಟ, ಟಿಟಿಕಾಕಾ ದಂಡೆಯವರದ್ದಲ್ಲ. ಅಲ್ಲಿ ಕಿನೋವಾವನ್ನು ಬೇಕೆಂದೇ ಮೆತ್ತಗೆ ಬೇಯಿಸಿ, ಮಸೆದು, ಹಾಲು ಮತ್ತು ಚೀಸ್ ಬೆರೆಸಿ ‘ಪೆಸ್ಕೆ’ ಎಂಬ ಗಂಜಿ ಮಾಡುತ್ತಾರೆ. ಅದರಲ್ಲಿ ಬಾಲಗಳನ್ನು ಹುಡುಕಿದರೂ ಸಿಗುವುದಿಲ್ಲ.