ಡೌಟೇ ಬರದ ಜಾಗದಲ್ಲೇ ತಪ್ಪಿರೋದು

ಕಾದಂಬರಿಗಳ ಹಸ್ತಪ್ರತಿ ಓದಿ ತಿದ್ದೋದು ನನ್ನ ಕೆಲಸ. ಕಳಿಸೋರಲ್ಲಿ ಹೆಚ್ಚಿನವರು ಮೇಲ್‌ನಲ್ಲಿ ಒಂದು ಸಾಲು ಸೇರಿಸಿರ್ತಾರೆ, "ಮೇಡಂ, ರಿಸರ್ಚ್ ಎಲ್ಲಾ ಮಾಡಿದೀನಿ" ಅಂತ. ನಿಜವಾಗ್ಲೂ ಮಾಡಿರ್ತಾರೆ, ಎಮರ್ಜೆನ್ಸಿ ಯಾವತ್ತು ಬಂತು, ಲಿಂಗನಮಕ್ಕಿ ಯಾವಾಗ ಮುಗೀತು, ಇಂಥವೆಲ್ಲ ಸರಿಯಾಗೇ ಇರುತ್ತೆ. ತಪ್ಪಿರೋದು ಅವ್ರು ಹುಡುಕೋಕೇ ಹೋಗದ ಕಡೆ. 1950ರ ಹೋಟೆಲಲ್ಲಿ ಒಬ್ಬ ಚಿಲ್ಲರೆ ಅಂತ ಐವತ್ತು ಪೈಸೆ ವಾಪಸ್ ತಗೋತಾನೆ, ಆದ್ರೆ ರೂಪಾಯಿಗೆ ನೂರು ಪೈಸೆ ಆಗಿದ್ದೇ 1957ರ ಏಪ್ರಿಲ್ 1ಕ್ಕೆ, ಅಲ್ಲೀತನಕ ಹದಿನಾರಾಣೆ ಲೆಕ್ಕ. 1965ರ ಪ್ರೇಮಪತ್ರದ ಮೇಲೆ ಪಿನ್‌ಕೋಡ್ ಇರುತ್ತೆ, ಅದು ಶುರುವಾಗಿದ್ದು 1972ರ ಆಗಸ್ಟ್ 15ಕ್ಕೆ. 1980ರ ಕಥೇಲಿ ದಾವಣಗೆರೆ ಜಿಲ್ಲಾಧಿಕಾರಿ ಬಂದು ಕೂತಿರ್ತಾರೆ, ಆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ.

ಇಷ್ಟು ವರ್ಷದಿಂದ ಹೇಳ್ತಾನೇ ಇದೀನಿ, ಇನ್ನೊಂದ್ಸಲ ಹೇಳ್ತೀನಿ. ಸರ್ಚ್ ಬಾಕ್ಸ್ ನೀವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೆ, ನಿಮಗೆ ಡೌಟೇ ಬರದಿದ್ರೆ ನೀವು ಕೇಳೋದೇ ಇಲ್ಲ. ಚಾಟ್‌ಬಾಟ್ ಕಥೇನೂ ಅಷ್ಟೇ, ಅದ್ರ ಜೊತೆಗೆ ಅದು ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತೆ. ಹಂಗಾಗಿ ಹುಡುಕೋ ಮುಂಚೆ ಸುಮ್ನೆ ಓದಿ. ಆ ಕಾಲದ ಬಗ್ಗೆ ಈಗ ಬರೆದಿರೋದಲ್ಲ, ಆ ಕಾಲದಲ್ಲೇ ಅಚ್ಚಾಗಿದ್ದು. ಗೂಗಲ್ ನ್ಯೂಸ್ ಆರ್ಕೈವ್‌ನಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನ ಹಳೇ ಸಂಚಿಕೆಗಳ ಸ್ಕ್ಯಾನ್ ಇದೆ, ನಿಮ್ಮ ಕಥೆ ನಡೆಯೋ ತಿಂಗಳದ್ದೊಂದು ಪೇಪರ್ ತೆಗೆದು ಮೊದಲ ಪುಟದಿಂದ ಕೊನೇತನಕ ಓದಿ, ಮುಖ್ಯವಾಗಿ ಜಾಹೀರಾತು, ಸೋಪಿಗೆಷ್ಟು, ಯಾವ ಟಾಕೀಸಲ್ಲಿ ಎಷ್ಟೊತ್ತಿಗೆ ಶೋ, ಯಾವ ಕೆಲಸಕ್ಕೆ ಜನ ಬೇಕಾಗಿದ್ರು, ಇವೆಲ್ಲ ನೀವು ಕೇಳದೇನೇ ಕಣ್ಣಿಗೆ ಬೀಳುತ್ತೆ.

ಕನ್ನಡದ ಹಳೇ ಪುಸ್ತಕಕ್ಕೆ ಇಂಟರ್ನೆಟ್ ಆರ್ಕೈವ್ (archive.org) ಅನ್ನೋ ಸೈಟಿದೆ. "ಅಲ್ಲೇನೂ ಸಿಗಲ್ಲ ಮೇಡಂ" ಅಂತಾರೆ. ಸಿಗುತ್ತೆ, ಆದ್ರೆ ಹಳೇ ಪುಸ್ತಕಗಳನ್ನ ಸ್ಕ್ಯಾನ್ ಮಾಡಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅನ್ನೋ ಯೋಜನೆಯಿಂದ ಬಂದ ಪುಸ್ತಕಗಳ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಹೆಂಗೆಂಗೋ ಹೊಡೆದಿದಾರೆ, ನಾಕೈದು ಸ್ಪೆಲಿಂಗಲ್ಲಿ ಟ್ರೈ ಮಾಡ್ಬೇಕು. ಅಲ್ಲಿ ಹಾಕಿರೋ ಇಸವೀನೂ ಒಂದೊಂದ್ಸಲ ತಪ್ಪಿರುತ್ತೆ, ಒಳಗಿನ ಪುಟ ನೋಡದೆ ನಂಬಬೇಡಿ. ಊರು, ದಾರಿ ಬೇಕಾದ್ರೆ ಟೆಕ್ಸಾಸ್ ಯೂನಿವರ್ಸಿಟಿಯ ಮ್ಯಾಪ್ ಸಂಗ್ರಹದಲ್ಲಿ ಅಮೆರಿಕದ ಸೇನೆ ಐವತ್ತರ ದಶಕದಲ್ಲಿ ಮಾಡಿಸಿದ ಭಾರತದ ನಕ್ಷೆಗಳಿವೆ, ಇವತ್ತಿನ ಗೂಗಲ್ ಮ್ಯಾಪ್ ನೋಡ್ಕೊಂಡು 1955ರ ಬಸ್ ಓಡಿಸೋದಕ್ಕಿಂತ ಎಷ್ಟೋ ವಾಸಿ. ಸಣ್ಣ ಹಳ್ಳಿಗಳು ಬಿಟ್ಟುಹೋಗಿರಬಹುದು.

ಒಬ್ಬ ಹುಡುಗ, ಬಹಳ ಚೆನ್ನಾಗಿ ಬರೀತಾನೆ, 1947ರ ಆಗಸ್ಟ್ 14ರ ಮಧ್ಯರಾತ್ರಿ ಇಡೀ ಊರು ಬೆಳದಿಂಗಳಲ್ಲಿ ಕುಣಿಯೋ ಹಂಗೆ ಬರೆದಿದ್ದ. ಟೈಮ್ ಆಂಡ್ ಡೇಟ್ ಸೈಟಲ್ಲಿ ನೋಡಿದ್ರೆ ಇನ್ನೆರಡು ದಿನಕ್ಕೆ ಅಮಾವಾಸ್ಯೆ. ಹೇಳಿದ್ದಕ್ಕೆ ಮುಖ ಸಪ್ಪೆ ಮಾಡ್ಕೊಂಡು "ನಮ್ಮಜ್ಜಿ ಹಂಗೇ ಹೇಳ್ತಿದ್ರು ಮೇಡಂ" ಅಂದ. ಹಂಗಾದ್ರೆ ಅದನ್ನ ಬಿಡಬೇಡಪ್ಪಾ, ಅಜ್ಜಿ ಬಾಯಲ್ಲೇ ಹೇಳಿಸು, ನಿರೂಪಕನ ಬಾಯಲ್ಲಿ ಬೇಡ ಅಂದೆ. ಪಾತ್ರಕ್ಕೆ ನೆನಪು ತಪ್ಪಬಹುದು, ಅದು ಕಥೆಗೆ ಒಳ್ಳೇದೇ. ತಿದ್ದಿ ಕಳಿಸಿದ ಮೇಲೆ ಆ ಅಧ್ಯಾಯ ಮೊದಲಿಗಿಂತ ಚೆನ್ನಾಗಾಯ್ತು, ಕತ್ತಲಲ್ಲಿ ಲಾಟೀನು ಹಿಡ್ಕೊಂಡು ಮನೆಯಿಂದ ಮನೆಗೆ ಓಡೋ ಜನ ಬಂದ್ರು.

ಕ್ರೈಂ ಬರೆಯೋರು ಸಿನಿಮಾ ನೋಡಿ ಕೋರ್ಟ್ ಸೀನ್ ಬರೆಯೋದು ದಯವಿಟ್ಟು ನಿಲ್ಲಿಸಿ. ಇಂಡಿಯನ್ ಕಾನೂನ್ ಸೈಟಲ್ಲಿ ಹೈಕೋರ್ಟ್ ತೀರ್ಪುಗಳಿವೆ, ದೂರು ಯಾರು ಕೊಟ್ರು, ಮಹಜರು ಹೆಂಗಾಯ್ತು, ಸಾಕ್ಷಿ ಯಾಕೆ ತಿರುಗಿಬಿದ್ದ, ಎಲ್ಲಾ ಬರೆದಿರ್ತಾರೆ. ಕೊಲೆಗೆ ಹಳೇ ಐಪಿಸಿಯ ಸೆಕ್ಷನ್ 302 ಅಂತ ಕಣ್ಮುಚ್ಚಿ ಹಾಕಬೇಡಿ, 2024ರ ಜುಲೈ 1ರಿಂದ ಅದ್ರ ಜಾಗಕ್ಕೆ ಬಂದಿರೋದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 103, ಯಾವ ಸೆಕ್ಷನ್ ಅನ್ನೋದು ಕಥೇಲಿ ಕೊಲೆ ಯಾವತ್ತು ನಡೀತು ಅನ್ನೋದ್ರ ಮೇಲೆ ನಿಂತಿದೆ. ನಾನು ವಕೀಲೆ ಅಲ್ಲ, ಹಂಗಾಗಿ ಆ ಅಧ್ಯಾಯಾನ ಒಬ್ಬ ವಕೀಲರಿಗೆ ಓದಿಸಿಯೇ ಕಳಿಸಿ. ಮತ್ತೆ ಯಾವ ವಿವರ ಯಾವ ಪೇಪರಿನ ಯಾವ ತಾರೀಕಿನದ್ದು ಅಂತ ಪಕ್ಕದಲ್ಲೇ ಕಾಮೆಂಟ್ ಹಾಕಿಡಿ, ನಾನೂ ಒಂದ್ಸಲ ತೆಗೆದು ನೋಡ್ತೀನಿ.