ವಿಳಾಸದಿಂದ ಬಿದ್ದುಹೋದ ‘ಬಾರದು’

ಆರೋಗ್ಯದ ಬರಹಗಳಿರುವ ಒಂದು ಜಾಲತಾಣವನ್ನು ಪರಿಶೀಲಿಸುತ್ತಿದ್ದೆ. ‘ಮಧುಮೇಹ ಇರುವವರು ಯಾವ ಹಣ್ಣು ತಿನ್ನಬಹುದು’ ಎಂಬುದು ಒಂದು ಬರಹ. ಇನ್ನೊಂದರ ಶೀರ್ಷಿಕೆಯೂ ಅದೇ, ಕೊನೆಯ ಪದ ಮಾತ್ರ ‘ತಿನ್ನಬಾರದು’. ಎರಡರ ಜಾಲವಿಳಾಸವೂ ‘ಮಧುಮೇಹ-ಇರುವವರು-ಯಾವ-ಹಣ್ಣು’ ಎಂಬಲ್ಲಿಗೇ ನಿಂತಿತ್ತು. ಎರಡನೆಯದರ ಬಾಲಕ್ಕೆ ‘-2’ ಅಂಟಿಕೊಂಡಿತ್ತು, ಅಷ್ಟೇ ವ್ಯತ್ಯಾಸ.

ಇದು ಬರೆದವರ ತಪ್ಪಲ್ಲ. ವಿಳಾಸದ ಈ ಕೊನೆಯ ಭಾಗಕ್ಕೆ ಸ್ಲಗ್ ಎನ್ನುತ್ತೇವೆ. ಅದಕ್ಕೆ ಈ ತಾಣವನ್ನು ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಕೊಡುವ ಜಾಗ 200 ಅಕ್ಷರ. ಇಂಗ್ಲಿಷಿಗೆ ಅದು ಧಾರಾಳ, ಕನ್ನಡಕ್ಕೆ ಸಾಲದು. ಕಂಪ್ಯೂಟರ್ ಅಕ್ಷರಗಳನ್ನು ಸಂಗ್ರಹಿಸುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ‘ಕ’ ಎಂಬ ಒಂದು ಅಕ್ಷರ 3 ಬೈಟ್. ವಿಳಾಸದಲ್ಲಿ ಪ್ರತಿ ಬೈಟೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳಾಗುತ್ತದೆ; ಒಟ್ಟು 9. ಕೊಂಬು, ಒತ್ತು, ದೀರ್ಘಗಳ ಲೆಕ್ಕ ಬೇರೆ. ‘ಹಣ್ಣು’ ಕಣ್ಣಿಗೆ ಎರಡೇ ಅಕ್ಷರ, ಕಂಪ್ಯೂಟರಿನ ಲೆಕ್ಕದಲ್ಲಿ ಐದು ಸಂಕೇತ, ವಿಳಾಸದಲ್ಲಿ 45 ಜಾಗ. ಹೀಗೆ 22 ಸಂಕೇತ ದಾಟುವಷ್ಟರಲ್ಲಿ ಕತ್ತರಿ ಬೀಳುತ್ತದೆ. ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ, ಹೋಗುವುದೂ ಅದೇ.

ಕನ್ನಡದ ಸ್ಲಗ್ ಗೂಗಲ್‌ಗೆ ಅರ್ಥವಾಗುತ್ತದೆ, ಆ ಭಯ ಬೇಡ. ಆದರೆ ಕಾಪಿ ಮಾಡಿ ಬೇರೆಡೆ ಅಂಟಿಸಿದಾಗ ಎಷ್ಟೋ ಸಲ ಶೇಕಡಾ ಚಿಹ್ನೆಗಳ ಉದ್ದ ಸರ ಕಾಣಿಸುತ್ತದೆ. ಅದನ್ನು ನಂಬಿ ಯಾರು ಒತ್ತುತ್ತಾರೆ? ನಾನಂತೂ ಕನ್ನಡ ಪದಗಳನ್ನೇ ರೋಮನ್ ಲಿಪಿಯಲ್ಲಿ, ಮೂರು ನಾಲ್ಕಕ್ಕೆ ಮೀರದಂತೆ, ಪ್ರಕಟಿಸುವ ಮೊದಲೇ ಕೈಯಾರೆ ಬರೆಯುತ್ತೇನೆ. ಪದಗಳ ನಡುವೆ ಹೈಫನ್ ಇರಲಿ, ಅಂಡರ್‌ಸ್ಕೋರ್ ಬೇಡ.

ವಿಳಾಸಗಳ ರಚನೆಯನ್ನು ವರ್ಡ್‌ಪ್ರೆಸ್‌ನಲ್ಲೇ ಆರಿಸಬಹುದು. ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್‌ನಲ್ಲಿ ‘ಪೋಸ್ಟ್ ನೇಮ್’ ಆರಿಸಿದರೆ ಪ್ರಶ್ನಾರ್ಥಕ ಚಿಹ್ನೆ, ಸಂಖ್ಯೆಗಳ ವಿಳಾಸ ಹೋಗಿ ಹೆಸರಿನ ವಿಳಾಸ ಬರುತ್ತದೆ. ಸುದ್ದಿಯಲ್ಲದ ತಾಣದ ವಿಳಾಸಕ್ಕೆ ತಾರೀಖು ಸೇರಿಸಬೇಡಿ. ತಿದ್ದಿ ಹೊಸದಾಗಿಸಿದ ಬರಹವೂ ಹಳೆಯದಾಗಿ ಕಾಣುತ್ತದೆ. ಬದಲಾಯಿಸಿದ ಮೇಲೆ ಮುಖಪುಟ ತೆರೆದು, ಉಳಿದ ಪುಟಗಳೆಲ್ಲ 404, ಅಂದರೆ ಪುಟ ಸಿಗಲಿಲ್ಲ, ಎಂದರೆ ಗಾಬರಿಯಾಗಬೇಡಿ. ಪರ್ಮಾಲಿಂಕ್ಸ್ ಪುಟದಲ್ಲಿ ಮತ್ತೊಮ್ಮೆ ಸೇವ್ ಒತ್ತಿ, ವಿಳಾಸದಿಂದ ಬರಹವನ್ನು ಹುಡುಕುವ ನಿಯಮಗಳು ಹೊಸದಾಗಿ ಬರೆಯಲ್ಪಡುತ್ತವೆ. ಆಗಲೂ ಸರಿಹೋಗದಿದ್ದರೆ, ಅಪಾಚೆ ಸರ್ವರ್‌ನಲ್ಲಿ ಆ ನಿಯಮಗಳಿರುವ ಡಾಟ್ ಎಚ್‌ಟಿಆಕ್ಸೆಸ್ ಕಡತಕ್ಕೆ ಬರೆಯುವ ಅನುಮತಿ ಇದೆಯೇ, ಅವನ್ನು ಜಾರಿಗೆ ತರುವ ಮಾಡ್‌ರೀರೈಟ್ ಎಂಬ ಭಾಗ ಚಾಲೂ ಇದೆಯೇ ನೋಡಿ.

ನಿಜವಾದ ಅಪಾಯವಿರುವುದು ಓಡುತ್ತಿರುವ ತಾಣದ ವಿಳಾಸಗಳನ್ನು ಬದಲಿಸುವಾಗ. ಒಂದು ಬರಹದ ಸ್ಲಗ್ ತಿದ್ದಿದರೆ ವರ್ಡ್‌ಪ್ರೆಸ್ ಹಳೆಯದನ್ನು ನೆನಪಿಟ್ಟು ಹೊಸದಕ್ಕೆ ಕಳಿಸುತ್ತದೆ. ಇಡೀ ರಚನೆಯನ್ನೇ ಬದಲಿಸಿದಾಗ ಅದನ್ನು ನೆಚ್ಚಿ ಕೂರಬೇಡಿ. ಹಳೆಯ ಪ್ರತಿ ವಿಳಾಸಕ್ಕೂ ಹೊಸದನ್ನು ಜೋಡಿಸಿ ಪಟ್ಟಿ ಮಾಡಿ, 301 ರೀಡೈರೆಕ್ಟ್, ಅಂದರೆ ಹೊಸ ವಿಳಾಸಕ್ಕೆ ಶಾಶ್ವತವಾಗಿ ಕಳಿಸುವ ಸೂಚನೆ, ಹಾಕಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವ ಸುಲಭದ ದಾರಿ ಹಿಡಿದವರನ್ನು ಕಂಡಿದ್ದೇನೆ. ಗೂಗಲ್ ಅದನ್ನು ಪುಟವೇ ಇಲ್ಲವೆಂದು ಎಣಿಸಬಹುದು, ಓದುಗನಿಗಂತೂ ಹುಡುಕಿ ಬಂದದ್ದು ಸಿಗುವುದಿಲ್ಲ.

ಆ ಎರಡು ಬರಹಗಳಿಗೂ ಚಿಕ್ಕ ಸ್ಲಗ್ ಕೊಟ್ಟು, ಹಳೆಯವನ್ನು ಜೋಡಿಸಿದೆವು. ‘ತಿನ್ನಬಾರದ’ ಎಂಬುದು ಈಗ ಎರಡನೆಯದರ ಸ್ಲಗ್‌ನ ಮೊದಲ ಪದ.