ಒಂದೇ ಲೈನು, ಹತ್ತು ಕಂಪ್ಯೂಟರು: ಪಾಲು ಮಾಡುವವರು ಯಾರು?

ಮನೆಗೆ ಇರುವುದು ಒಂದೇ ಇಂಟರ್ನೆಟ್ ಲೈನು. ಅಮ್ಮ ಅಕ್ಕನ ಜೊತೆ ವಿಡಿಯೋ ಕಾಲ್‌ನಲ್ಲಿ ಇರುತ್ತಾರೆ, ಪಕ್ಕದ ಕೋಣೆಯಲ್ಲಿ ತಮ್ಮ ಗೇಮ್ ಡೌನ್‌ಲೋಡ್‌ಗೆ ಹಾಕುತ್ತಾನೆ, ಅಷ್ಟೇ, ಅಕ್ಕನ ಮುಖ ಬಾಯಿ ತೆರೆದ ಹಾಗೇ ನಿಂತುಬಿಡುತ್ತದೆ. ನಮ್ಮಲ್ಲಿ ಇದು ದಿನಾ ನಡೆಯುತ್ತಿತ್ತು. ಇರುವ ಸ್ಪೀಡಿನಲ್ಲಿ ಯಾರಿಗೆ ಎಷ್ಟು ಅಂತ ತೀರ್ಮಾನ ಮಾಡುವುದು ಯಾರು?

1986ರ ಅಕ್ಟೋಬರ್‌ಗೆ ಹೋಗೋಣ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಬರೀ 400 ಗಜ ದೂರ. ಆ ದಾರಿಯಲ್ಲಿ ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದದ್ದು ಇದ್ದಕ್ಕಿದ್ದಂತೆ 40ಕ್ಕೆ ಇಳಿಯಿತು. 40 ಸಾವಿರ ಅಲ್ಲ, ಬರೀ 40. ದಾರಿಯಲ್ಲಿ ಜಾಗ ಸಾಲದೆ ಡೇಟಾದ ಸಣ್ಣ ತುಂಡುಗಳು, ಅಂದರೆ ಪ್ಯಾಕೆಟ್‌ಗಳು ಬಿದ್ದುಹೋಗುತ್ತಿದ್ದವು, ಕಂಪ್ಯೂಟರ್‌ಗಳು ಅದನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದವು, ಅದರಿಂದ ದಟ್ಟಣೆ ಇನ್ನೂ ಜಾಸ್ತಿಯಾಗಿ ಇನ್ನಷ್ಟು ಪ್ಯಾಕೆಟ್‌ಗಳು ಬೀಳುತ್ತಿದ್ದವು.

ವ್ಯಾನ್ ಜೇಕಬ್ಸನ್ ಮತ್ತು ಮೈಕ್ ಕ್ಯಾರೆಲ್ಸ್ ಕಂಡುಕೊಂಡ ಮದ್ದು 1988ರಲ್ಲಿ ಪ್ರಕಟವಾಯಿತು. ಕಳಿಸುವ ಪ್ರತಿ ಕಂಪ್ಯೂಟರಿಗೂ ಒಂದೇ ಮಾತು: ದಾರಿ ಸಲೀಸಾಗಿದ್ದರೆ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸು. ಪ್ಯಾಕೆಟ್ ಬಿತ್ತೋ, ಅರ್ಧಕ್ಕೆ ಇಳಿಸು.

ಇದರಲ್ಲಿ ಸಮಪಾಲು ಎಲ್ಲಿಂದ ಬಂತು ಅನ್ನುವುದನ್ನು ಮರುವರ್ಷ ಡಾ-ಮಿಂಗ್ ಚಿಯು ಮತ್ತು ರಾಜ್ ಜೈನ್ ಲೆಕ್ಕ ಹಾಕಿ ತೋರಿಸಿದರು. ಲೈನಿನಲ್ಲಿ 100 ಹಿಡಿಯುತ್ತದೆ ಅಂದುಕೊಳ್ಳಿ. ಒಬ್ಬ 80 ತಿನ್ನುತ್ತಿದ್ದಾನೆ, ಇನ್ನೊಬ್ಬನಿಗೆ 20. ಲೈನು ತುಂಬಿತು, ಇಬ್ಬರೂ ಅರ್ಧ ಮಾಡಿದರು: 40, 10. ಇಬ್ಬರೂ 25 ಏರಿಸಿದರು: 65, 35. ಮತ್ತೆ ತುಂಬಿತು, ಮತ್ತೆ ಅರ್ಧ: 32.5, 17.5. 60 ಇದ್ದ ಅಂತರ 30 ಆಯಿತು, ಆಮೇಲೆ 15. ಯಾರೂ ಯಾರನ್ನೂ ಕೇಳಲಿಲ್ಲ, ಇನ್ನೊಬ್ಬ ಇದ್ದಾನೆ ಅಂತಲೂ ಗೊತ್ತಿಲ್ಲ, ಆದರೂ ಇಬ್ಬರ ಪಾಲು ಹತ್ತಿರ ಬರುತ್ತಾ ಹೋಯಿತು! ಪಂಕ್ತಿ ಊಟದಲ್ಲಿ ಬಡಿಸುವವರಾದರೂ ಇರುತ್ತಾರೆ, ಇಲ್ಲಿ ಅವರೂ ಇಲ್ಲ. ನನಗೆ ಇದು ಇಂದಿಗೂ ಬೆರಗು.

ಆದರೆ ಇದು ಒಂದೇ ಲೈನಿನ ಮಾತು. ತಲಾ 60 ಹಿಡಿಯುವ ಎರಡು ಲೈನುಗಳು ಸಾಲಾಗಿವೆ ಅನ್ನಿ. ಒಬ್ಬನ ಡೇಟಾ ಎರಡನ್ನೂ ದಾಟಬೇಕು, ಉಳಿದ ಇಬ್ಬರಿಗೆ ಒಂದೊಂದೇ ಲೈನು ಸಾಕು. ಎಲ್ಲರಿಗೂ 30 ಕೊಟ್ಟರೆ ಒಟ್ಟು ಸಾಗುವುದು 90. ಉದ್ದ ದಾರಿಯವನಿಗೆ ಏನೂ ಕೊಡದಿದ್ದರೆ 120, ಆದರೆ ಅವನು ಉಪವಾಸ. ಕೇಂಬ್ರಿಡ್ಜ್‌ನ ಫ್ರಾಂಕ್ ಕೆಲ್ಲಿ 1997ರಲ್ಲಿ ಮುಂದಿಟ್ಟ ಸೂತ್ರ ಅವನಿಗೆ 20, ಮಿಕ್ಕವರಿಗೆ 40 ಕೊಡುತ್ತದೆ. ಎರಡು ಕಡೆ ಜಾಗ ಹಿಡಿಯುವವನಿಗೆ ಅರ್ಧ ಪಾಲು. ನನಗೆ ಇದೇ ಸರಿ ಅನಿಸುತ್ತದೆ, ಆದರೆ ದೂರದ ಹಳ್ಳಿಯವರು ಒಪ್ಪಬೇಕಲ್ವಾ?

2007ರಲ್ಲಿ ನೆಟ್‌ವರ್ಕ್ ಸಂಶೋಧಕ ಬಾಬ್ ಬ್ರಿಸ್ಕೋ ಬುಡಕ್ಕೇ ಕೈ ಹಾಕಿದರು. ಇಷ್ಟು ದಿನ ಪಾಲು ಮಾಡಿದ್ದು ಜನರಿಗಲ್ಲ, ಡೇಟಾ ಸಾಗಿಸಲು ಪ್ರೋಗ್ರಾಂಗಳು ತೆರೆಯುವ ಕನೆಕ್ಷನ್‌ಗಳಿಗೆ ಅಂದರು. ನಿಜ. ಹತ್ತು ಕನೆಕ್ಷನ್ ತೆರೆಯುವ ಡೌನ್‌ಲೋಡರ್ ಹತ್ತು ಪಾಲು ಎತ್ತಿಕೊಳ್ಳುತ್ತದೆ, ಅಮ್ಮನ ಕಾಲ್‌ಗೆ ಸಿಗುವುದು ಒಂದೇ. ಯಂತ್ರದ ನಿಯಮ ಮುರಿಯಲಿಲ್ಲ, ಅನ್ಯಾಯ ಮಾತ್ರ ಆಯಿತು.

ಉತ್ತರ ಹಳೆಯ ಕಡತದಲ್ಲೇ ಇತ್ತು. ಜಾನ್ ನೇಗಲ್ 1985ರಲ್ಲೇ ಹೇಳಿದ್ದರು: ಕಳಿಸುವ ಪ್ರತಿ ಕಂಪ್ಯೂಟರಿಗೂ ಬೇರೆ ಸಾಲು ಮಾಡಿ, ಸರದಿಯಂತೆ ಒಂದೊಂದು ಪ್ಯಾಕೆಟ್ ಬಿಡಿ. ಜಾಸ್ತಿ ತುರುಕಿದವನ ಸಾಲು ಉದ್ದವಾಗುತ್ತದೆ, ಪಕ್ಕದವನಿಗೆ ತೊಂದರೆ ಇಲ್ಲ. 2018ರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗೆ ಸೇರಿದ 'ಕೇಕ್' ಎಂಬ ವಿಧಾನ ಮೊದಲು ಸಾಧನಗಳಿಗೆ ಸಮನಾಗಿ ಹಂಚಿ, ಆಮೇಲೆ ಒಂದೊಂದು ಸಾಧನದ ಕನೆಕ್ಷನ್‌ಗಳಿಗೆ ಹಂಚಬಲ್ಲದು.

ಹೋದ ತಿಂಗಳು ನಮ್ಮ ರೌಟರ್‌ನಲ್ಲಿ ಅದನ್ನು ಆನ್ ಮಾಡಿ, ಲೈನಿನ ಸ್ಪೀಡಿಗಿಂತ ಸ್ವಲ್ಪ ಕಡಿಮೆ ಅಂಕಿ ಕೊಟ್ಟೆ. ತಮ್ಮನ ಗೇಮ್ ಕೊಂಚ ತಡವಾಗಿ ಇಳಿಯುತ್ತದೆ. ಅಕ್ಕ ಮಾತು ಮುಗಿಸಿಯೇ ಕಾಲ್ ಇಡುತ್ತಾಳೆ.